ಕೆಂಪು ನೆಲದ ಕೋಣೆಗೆ ಯಾವ ಬೂದುಬಿಳಿ?

ಚಿಕ್ಕಮಗಳೂರಿನ ನಮ್ಮ ಹಳೆಯ ಮನೆಯಲ್ಲಿ, ಉತ್ತರಕ್ಕೆ ಒಂದೇ ಕಿಟಕಿಯಿರುವ ಕೋಣೆಗೆ ಬಣ್ಣ ಹೊಡೆಸಲು ಹೊರಟಾಗ ನನ್ನ ಆಯ್ಕೆ ಶೇಡ್ ಕಾರ್ಡಿನ ಎರಡು ಬೂದುಬಿಳಿಗಳ ನಡುವೆ ನಿಂತಿತು. “ಎರಡೂ ಒಂದೇ ಥರ ಇದೆಯಲ್ಲಾ ಮೇಡಂ” ಎಂದರು ಪೇಂಟರ್. ಅಷ್ಟು ಚಿಕ್ಕ ತುಂಡಿನಲ್ಲಿ ಅವು ಹಾಗೆಯೇ ಕಾಣುತ್ತಿದ್ದವು. ಅಚ್ಚ ಬಿಳಿ ಕಾಗದದ ಮೇಲಿಟ್ಟಾಗ ಮಾತ್ರ ಒಂದರಲ್ಲಿ ನಸುಗೆಂಪು, ಇನ್ನೊಂದರಲ್ಲಿ ನಸುಹಸಿರು ಇಣುಕಿತು. ಬಣ್ಣವು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕದಲ್ಲಿ ಸೂಚಿಸುತ್ತಾರೆ. ಎರಡರ ಅಂಕವೂ ಹತ್ತಿರಹತ್ತಿರವೇ ಇದ್ದುದರಿಂದ ಛಾಯೆಯ ಪ್ರಶ್ನೆಯೊಂದೇ ಉಳಿಯಿತು.

ಸಣ್ಣ ಡಬ್ಬಿಗಳನ್ನು ತರಿಸಿ, ಬಿಳಿ ಪ್ರೈಮರ್ ಬಳಿದ ಎರಡು ದೊಡ್ಡ ಹಾರ್ಡ್‌ಬೋರ್ಡ್ ಹಲಗೆಗಳಿಗೆ ಎರಡೆರಡು ಕೋಟ್ ಹಚ್ಚಿಸಿ ಪೂರ್ತಿ ಒಣಗಲು ಬಿಟ್ಟೆ. ಹಳೆಯ ಗೋಡೆ ತಿಳಿನೀಲಿಯಾಗಿತ್ತು. ನೀಲಿಯ ಪಕ್ಕದಲ್ಲಿ ಇಂಥ ಬಣ್ಣಗಳು ಇರುವುದಕ್ಕಿಂತ ಹೆಚ್ಚು ಹಳದಿಯಾಗಿ ತೋರುವುದರಿಂದ, ಹಲಗೆಗಳ ಸುತ್ತ ಅಗಲವಾದ ಬಿಳಿ ಅಂಚನ್ನು ಉಳಿಸಿಕೊಂಡಿದ್ದೆ.

ನಮ್ಮದು ರೆಡ್ ಆಕ್ಸೈಡ್ ನೆಲ. ಉಜ್ಜಿ ಉಜ್ಜಿ ನುಣುಪಾದ ಆ ನೆಲದಿಂದ ಚಿಮ್ಮುವ ಬೆಳಕು ಗೋಡೆಯ ಕೆಳಭಾಗಕ್ಕೆ ಕೆಂಪನ್ನು ಸೇರಿಸುತ್ತದೆ. ಅಲ್ಲಿ ನಿಲ್ಲಿಸಿದ ನಸುಗೆಂಪು ಹಲಗೆ ಗುಲಾಬಿಯೆಂದೇ ಹೇಳಬಹುದಾದ ಬಣ್ಣಕ್ಕೆ ತಿರುಗಿದರೆ, ನಸುಹಸಿರಿನದು ನೆಲದ ಕೆಂಪಿನೊಡನೆ ಸರಿದೂಗಿ ಶುದ್ಧ ಬೂದುಬಿಳಿಯಾಗಿ ನಿಂತಿತು. ಕಿಟಕಿಯ ಹತ್ತಿರ ಲೆಕ್ಕಾಚಾರ ತಲೆಕೆಳಗಾಯಿತು. ಹೊರಗೆ ಕಾಫಿ ಗಿಡಗಳು, ಅವುಗಳ ಮೇಲೆ ನೆರಳಿನ ಮರಗಳು. ಮೋಡ ಕವಿದ ದಿನ ಎಲೆಗಳ ಹಸಿರನ್ನು ಹೊತ್ತು ಬರುವ ಬೆಳಕಿನಲ್ಲಿ ಅದೇ ಹಲಗೆ ಪಾಚಿ ಕಟ್ಟಿದಂತೆ ಕಂಡಿತು. ಮಳೆಗಾಲದಲ್ಲಿ ಪುಕ್ಕಟೆಯಾಗಿ ಬರುವ ಪಾಚಿಯನ್ನು ದುಡ್ಡು ಕೊಟ್ಟು ತರುವವರು ಮಲೆನಾಡಿನಲ್ಲಿ ಯಾರೂ ಇರಲಾರರು. ರಾತ್ರಿ, 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಲ್ಲಿ ಆ ಹಸಿರು ಇನ್ನಷ್ಟು ತಣ್ಣಗಾಯಿತು; 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿದಾಗ ಬಹುತೇಕ ಮರೆಯಾಯಿತು.

ಬಲ್ಬನ್ನು ಬದಲಿಸಬಹುದು, ಕಿಟಕಿಗೆ ತೆಳುವಾದ ಬಿಳಿ ಪರದೆ ಹಾಕಬಹುದು, ಆದರೆ ಅಷ್ಟು ಚೆಂದದ ನೆಲವನ್ನು ಅಗೆಸಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ನಸುಹಸಿರಿನದನ್ನೇ ಆರಿಸಿದೆ. ಹೊಳಪು ಹೆಚ್ಚಿದಷ್ಟೂ ನೆಲದ ಬಿಂಬ ಗೋಡೆಯಲ್ಲಿ ಎದ್ದು ಕಾಣುವುದರಿಂದ ಮ್ಯಾಟ್ ಎಮಲ್ಷನ್ ತರಿಸಿದೆ. ಯಂತ್ರದಲ್ಲಿ ಬೆರೆಸಿದ ಬಣ್ಣವೂ ಡಬ್ಬಿಯಿಂದ ಡಬ್ಬಿಗೆ ತುಸು ಬೇರೆಯಾಗಬಹುದೆಂದು, ಕೆಲಸ ಶುರುಮಾಡುವ ಮೊದಲು ಎಲ್ಲ ಡಬ್ಬಿಗಳನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿಸಿದೆವು.