ಚಳಿಗಾಲದ ಪಾಟ್‌ಹೋಲ್ ಅಭ್ಯಾಸಕ್ಕೆ ನಾನು ಕಣಿವೆ ಆರಿಸಿದ ಬಗೆ

ಅಮೆರಿಕದ ಯೂಟಾ ರಾಜ್ಯದ ಮರಳುಗಲ್ಲಿನ ಸೀಳುಕಣಿವೆಗಳಲ್ಲಿ ಇಳಿಯುವವರಿಗೆ ಹಗ್ಗದ ಇಳಿತಕ್ಕಿಂತ ಹೆಚ್ಚು ಚಿಂತೆ ತರುವುದು ಪಾಟ್‌ಹೋಲ್‌ಗಳು. ಪ್ರವಾಹದ ನೀರು ಸುಳಿಯಾಗಿ ತಿರುಗುತ್ತ ಮರಳು, ಕಲ್ಲುಗಳಿಂದ ಬಂಡೆಯನ್ನು ಕೊರೆದು ಮಾಡಿದ ಇಂಥ ಗುಂಡಿಗಳನ್ನು ಮೇಕೆದಾಟಿನ ಬಂಡೆಗಳಲ್ಲಿ ನೋಡಿದವರಿದ್ದಾರೆ; ಆದರೆ ಇಲ್ಲಿ ಅವು ಕಣಿವೆಯ ಇಡೀ ಅಗಲವನ್ನು ಆಕ್ರಮಿಸಿರುತ್ತವೆ, ಪಕ್ಕದಿಂದ ನುಸುಳಲು ದಾರಿ ಇರುವುದಿಲ್ಲ. ಗುಂಡಿ ತುಂಬಿದ್ದರೆ ಈಜಿ, ಆಚೆಯ ಅಂಚನ್ನು ಹಿಡಿದು ಮೇಲೇರಬಹುದು. ನೀರು ಮೊಣಕಾಲ ಮಟ್ಟಕ್ಕೆ ಇಳಿದು ಅಂಚು ಎರಡಾಳೆತ್ತರದಲ್ಲಿ ಉಳಿದಿದ್ದರೆ, ಅದೇ ಗುಂಡಿ ಒಳಗೆ ಬಂದವನನ್ನು ಹೊರಬಿಡದ ‘ಕೀಪರ್’ ಆಗುತ್ತದೆ. ಮೇಲಿನಿಂದ ಹಗ್ಗವನ್ನು ಎಳೆದುಕೊಂಡಾದ ಮೇಲೆ ಹಿಂದಿರುಗುವ ಮಾತೂ ಇಲ್ಲ.

ಇದರಿಂದ ಪಾರಾಗುವ ತಂತ್ರಗಳನ್ನು ನಮ್ಮ ತಂಡದ ನಾಲ್ವರೂ ಬಲ್ಲವರಾಗಬೇಕೆಂದು ಚಳಿಗಾಲದಲ್ಲಿ ಅಭ್ಯಾಸ ಹಮ್ಮಿಕೊಂಡೆ. ಈ ಕಾಲದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯ ಹಠಾತ್ ಪ್ರವಾಹದ ಭಯ ಕಡಿಮೆ, ಜನಸಂದಣಿಯೂ ಇಲ್ಲ. ಕೇಳಿದವರೆಲ್ಲ ಮೊದಲು ಹೇಳಿದ್ದು ಸ್ಯಾನ್ ರಫೇಲ್ ಸ್ವೆಲ್ ಎಂಬ ಬಂಡೆನಾಡಿನ ಕ್ವಾಂಡರಿ ಕಣಿವೆಯ ಹೆಸರನ್ನು. ಪಾಟ್‌ಹೋಲ್ ಕಲಿಯಲು ಅದು ಹೆಸರುವಾಸಿ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಪಾಟ್‌ಹೋಲ್‌ಗಳಿರುವ ಕಣಿವೆ ಯಾವುದು ಎಂಬುದಕ್ಕಿಂತ, ನಾವು ಕಲಿಯಹೊರಟ ತಂತ್ರಗಳೆಲ್ಲ ವಿಫಲವಾದರೂ ನಡೆದೇ ಹೊರಬರಬಹುದಾದ ಕಣಿವೆ ಯಾವುದು ಎಂಬುದು ನನ್ನ ಪ್ರಶ್ನೆಯಾಗಿತ್ತು. ಆ ಅಳತೆಗೆ ಕ್ವಾಂಡರಿ ಡಿಸೆಂಬರಿನಲ್ಲಿ ನಿಲ್ಲಲಿಲ್ಲ. ಅಲ್ಲಿಗೆ ಹೋಗುವ ಜೇಡಿಮಣ್ಣಿನ ರಸ್ತೆಗಳು ಹಿಮ ಕರಗಿದೊಡನೆ ಜಾರುಬಂಡೆಯಾಗುತ್ತವೆ. ನೆರಳಿನ ಗುಂಡಿಗಳಲ್ಲಿ ನಿಂತ ನೀರು ಹೆಪ್ಪುಗಟ್ಟುತ್ತದೆ. ತೆಳುವಾದ ಮಂಜುಗಡ್ಡೆ ಮನುಷ್ಯನ ಭಾರವನ್ನು ತಾಳುವುದಿಲ್ಲ, ಈಜಲೂ ಬಿಡುವುದಿಲ್ಲ. ಅಂಚಿನ ಮೇಲೆ ಅದರ ಪದರ ಕೂತರಂತೂ ಶೂ ಹಿಡಿತ ಪೂರ್ತಿ ಹೋಗುತ್ತದೆ. ಜೈಯಾನ್ ರಾಷ್ಟ್ರೀಯ ಉದ್ಯಾನದ ಇಮ್ಲೇ, ಹೀಪ್ಸ್ ಕಣಿವೆಗಳು ಕಲಿತವರು ಹೋಗುವ ಜಾಗಗಳು. ಅವುಗಳ ಯೋಚನೆಯನ್ನೇ ಮಾಡಲಿಲ್ಲ.

ನಕ್ಷೆಯ ಮುಂದೆ ಕುಳಿತಾಗ ನನಗೆ ಹೆಚ್ಚು ನೆರವಾದದ್ದು ಬಿಸಿಲಿನ ಲೆಕ್ಕ. ನಾನು ಹುಡುಕುತ್ತಿದ್ದ ಪ್ರದೇಶ ಸುಮಾರು 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಇಪ್ಪತ್ತೆಂಟೂವರೆ ಡಿಗ್ರಿಗಿಂತ ಮೇಲೇರುವುದಿಲ್ಲ, ಹಗಲು ಒಂಬತ್ತೂವರೆ ಗಂಟೆ ಮಾತ್ರ. ದಕ್ಷಿಣಕ್ಕೆ 10 ಮೀಟರ್ ಎತ್ತರದ ಗೋಡೆಯಿದ್ದರೆ ಅದರ ನೆರಳು ನೆತ್ತಿಯ ಹೊತ್ತಿನಲ್ಲೂ 18 ಮೀಟರ್ ದೂರ ಚಾಚುತ್ತದೆ. ಆದ್ದರಿಂದ ಪೂರ್ವ-ಪಶ್ಚಿಮವಾಗಿ ಹರಿಯುವ ಇಕ್ಕಟ್ಟಾದ ಕಣಿವೆಗಳೆಲ್ಲ ಪಟ್ಟಿಯಿಂದ ಹೊರಗೆ ಬಿದ್ದವು. ದಕ್ಷಿಣಕ್ಕೆ ತೆರೆದುಕೊಂಡ, ತಗ್ಗು ಗೋಡೆಗಳ ಕವಲುಗಳಷ್ಟೇ ಉಳಿದವು.

ಕೊನೆಗೆ ಹ್ಯಾಂಕ್ಸ್‌ವಿಲ್ ಊರಿನ ದಕ್ಷಿಣಕ್ಕಿರುವ ನಾರ್ತ್ ವಾಶ್ ಪ್ರದೇಶದ, ಹೆಸರಿಲ್ಲದ ಒಂದು ಪುಟ್ಟ ಕವಲನ್ನು ಆರಿಸಿದೆ. ಹೆದ್ದಾರಿ 95 ಡಾಂಬರು ರಸ್ತೆಯಾದ್ದರಿಂದ ಹಿಮ ಬಿದ್ದರೂ ಕಾರು ಸಿಕ್ಕಿಕೊಳ್ಳುವ ಭಯ ಕಡಿಮೆ, ಕಣಿವೆಯ ಬಾಯಿಯೂ ರಸ್ತೆಯಿಂದ ದೂರವಿಲ್ಲ. ಕೆಳಗಿಳಿಯುವ ಮೊದಲು ದಂಡೆಯ ಮೇಲೆ ಉದ್ದಕ್ಕೂ ನಡೆದು ಪ್ರತಿ ಗುಂಡಿಯನ್ನೂ ಮೇಲಿನಿಂದ ಇಣುಕಿ ನೋಡಿದೆ. ನಮಗೆ ಬೇಕಾದದ್ದು ಒಳಗೋಡೆ ಸುಮಾರು ಎರಡೂವರೆ ಮೀಟರ್ ಇರುವ, ತಳದಲ್ಲಿ ಒಣಮರಳು ಇರುವ, ಒಂದು ಪಕ್ಕದಲ್ಲಿ ಇಳಿಜಾರು ಬಂಡೆಯ ಮೇಲೆ ಸುತ್ತಿ ನಡೆದು ಹೋಗಬಹುದಾದ ಗುಂಡಿ. ಅಂಥ ಗುಂಡಿ ನಿಜವಾದ ಕೀಪರ್ ಅಲ್ಲ ಎಂದು ಮೂಗುಮುರಿಯುವವರು ಇರಬಹುದು. ಸುತ್ತುದಾರಿ ಇಲ್ಲವೆಂದು ಭಾವಿಸಿಕೊಂಡು ಕಲಿಯುವುದೇ ಅಭ್ಯಾಸ. ಇಲ್ಲದ ಕಡೆ ಹೋಗಿ ಸೊನ್ನೆ ಡಿಗ್ರಿಯ ನೀರಿನಲ್ಲಿ ಕಲಿಯಹೊರಟರೆ ಮೊದಲು ಸೋಲುವುದು ಬೆರಳುಗಳು, ಗಂಟು ಹಾಕಲಾಗದ ಬೆರಳುಗಳಿಂದ ಯಾವ ತಂತ್ರವೂ ನಡೆಯುವುದಿಲ್ಲ.

ಹವಾಮಾನದ ವಿಷಯದಲ್ಲಿ ಒಂದು ಮಾತು. ಪ್ರವಾಹದ ಭಯ ಕಡಿಮೆಯೆಂದರೆ ಇಲ್ಲವೆಂದಲ್ಲ. ಪೆಸಿಫಿಕ್‌ನಿಂದ ಬರುವ ಚಳಿಗಾಲದ ಮಳೆ ದಿನವಿಡೀ ಸುರಿಯಬಲ್ಲದು. ಒದ್ದೆಯಾದ ಮರಳುಗಲ್ಲು ತನ್ನ ಬಲವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ, ಮೇಲೇರಲು ಹುಕ್ (ಲೋಹದ ಕೊಕ್ಕೆ) ಸಿಕ್ಕಿಸಿದ ಅಂಚು ಮುರಿದು ಕೈಗೆ ಬರಬಹುದು. ಮಳೆ ಬಿದ್ದದ್ದರಿಂದ ನಾವು ಒಮ್ಮೆ ಹೊರಡುವುದನ್ನೇ ಮುಂದೂಡಿ, ಬಂಡೆ ಒಣಗಲು ಬಿಟ್ಟೆವು. ನೀರಿರುವ ಸಣ್ಣ ಗುಂಡಿಗಳನ್ನು ತುಳಿಯಲೂ ಇಲ್ಲ. ಒಣಗಿದ ತಳದಲ್ಲಿ ಮೊಟ್ಟೆಗಳಾಗಿ ಕಾದಿದ್ದು ನೀರು ಬಂದಾಗ ಹುಟ್ಟುವ ಪುಟ್ಟ ಸೀಗಡಿಗಳು ಅಲ್ಲಿರುತ್ತವೆ. ಎಸೆಯುವ ಚೀಲಗಳಿಗೆ ತುಂಬುವ ಮರಳನ್ನು ಅಗೆಯಲು ಪ್ರವಾಹ ತಂದು ಹಾಕಿದ ರಾಶಿಯನ್ನೇ ಹುಡುಕಿದೆವು.

ಅಭ್ಯಾಸಕ್ಕೆ ನಾನು ಹಾಕಿದ ನಿಯಮ ಒಂದೇ: ಮೊದಲನೆಯವನು ಆಚೆಯ ಅಂಚನ್ನು ದಾಟಿ ಹೊರಗೆ ನಿಲ್ಲುವವರೆಗೆ ಹಿಂದಿನ ಹಗ್ಗವನ್ನು ಎಳೆಯಬಾರದು. ಒಬ್ಬರು ಒಣಬಟ್ಟೆ, ಬಿಸಿ ಪಾನೀಯ, ಉಪಗ್ರಹ ಸಂದೇಶ ಸಾಧನಗಳೊಂದಿಗೆ ಸದಾ ಮೇಲೆ ಇದ್ದರು. ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗಲಿಲ್ಲ.

ಭುಜದ ಮೇಲೆ ನಿಲ್ಲಿಸಿ ಏರಿಸುವುದನ್ನು ಮೊದಲು ಮಾಡಿದೆವು. ಕೆಳಗಿನವನು ಗೋಡೆಗೆ ಕೈಯೂರಿ ನಿಂತರೆ ಎರಡೂವರೆ ಮೀಟರ್ ದೊಡ್ಡದಲ್ಲ, ಕಷ್ಟವಿರುವುದು ಕೊನೆಯವನನ್ನು ಮೇಲೆತ್ತುವಾಗ. ಹೊರಗೆ ಹೋದವರು ಅಂಚಿನ ಆಚೆ ತಗ್ಗಿನಲ್ಲಿ ಕುಳಿತು ತಮ್ಮ ದೇಹವನ್ನೇ ಆಧಾರವಾಗಿಸಬೇಕು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಚೀಲ ಎಸೆತ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಅಂಚಿನ ಆಚೆಗೆ ಎಸೆಯಬೇಕು. ಆಚೆಯ ಇಳಿಜಾರಿನಲ್ಲಿ ಅದರ ಭಾರವೂ, ಬಂಡೆಯ ಮೇಲೆ ಹಗ್ಗ ಉಜ್ಜುವ ಘರ್ಷಣೆಯೂ ಸೇರಿ ಏರುವವನನ್ನು ತಾಳುತ್ತವೆ. ಬೆಳಿಗ್ಗೆ ನೆರಳಿನ ಮರಳು ಹೆಪ್ಪುಗಟ್ಟಿ ಹಿಡಿಗೆ ಬರಲಿಲ್ಲ, ಬಿಸಿಲು ತಾಗುವ ಗುಂಡಿಯನ್ನು ಆರಿಸಿದ್ದು ಇಲ್ಲೂ ಸಾರ್ಥಕವಾಯಿತು. ಚೀಲವನ್ನು ಅರ್ಧ ತುಂಬಿದರೆ ದೂರ ಹೋಗುತ್ತದೆ ಆದರೆ ನಿಲ್ಲುವುದಿಲ್ಲ, ಪೂರ್ತಿ ತುಂಬಿದರೆ ಅಂಚನ್ನೇ ಮುಟ್ಟುವುದಿಲ್ಲ; ಕಡಿಮೆ ತುಂಬಿದ ಎರಡು ಚೀಲಗಳನ್ನು ಒಂದರ ಹಿಂದೊಂದು ಎಸೆಯುವುದು ನಮಗೆ ಹೊಂದಿತು. ಭಾರ ಹಾಕಿ ಪರೀಕ್ಷಿಸುವಾಗ ಎಲ್ಲರೂ ಪಕ್ಕಕ್ಕೆ ಸರಿಯಬೇಕು, ಏಕೆಂದರೆ ಹಿಡಿತ ತಪ್ಪಿದ ಚೀಲ ಬರುವುದು ನೇರ ತಲೆಯ ಮೇಲೆ. ಒಂದೇ ಜಾಗದಲ್ಲಿ ಹಗ್ಗ ಎಳೆದೆಳೆದು ಮೆದುಗಲ್ಲಿನಲ್ಲಿ ಗೀರು ಬೀಳದಂತೆ ಅಂಚಿಗೆ ಹಳೆಯ ಕಾರ್ಪೆಟ್ ತುಂಡು ಹಾಸಿದ್ದೆವು.

ಹುಕ್‌ಗಳಿಗೆ ನೆಲದಿಂದ ಒಂದು ಅಡಿ ಎತ್ತರದ ನೈಸರ್ಗಿಕ ಗೂಡುಗಳನ್ನಷ್ಟೇ ಬಳಸಿದೆವು, ಹೊಸ ತೂತು ಕೊರೆಯಲಿಲ್ಲ. ಹುಕ್‌ಗೆ ತೂಗುಬಿಟ್ಟ ಮೆಟ್ಟಿಲುಪಟ್ಟಿಯಲ್ಲಿ ನಿಂತು ದೇಹವನ್ನು ಗೋಡೆಗೆ ಒತ್ತಿ ಹಿಡಿಯುವುದನ್ನು ಕಾಲಿಗೆ ಕಲಿಸಲು ಅಷ್ಟು ಎತ್ತರ ಸಾಕು. ಎರಡು ಗಂಟೆಗೆ ನೆರಳು ಗುಂಡಿಯ ಅರ್ಧವನ್ನು ದಾಟಿತು, ಹುಕ್ ಅಭ್ಯಾಸ ಇನ್ನೂ ಇಬ್ಬರಿಗೆ ಬಾಕಿಯಿತ್ತು. ಅದನ್ನು ಅಲ್ಲಿಗೇ ಬಿಟ್ಟು ಇಳಿಜಾರು ಬಂಡೆಯ ಮೇಲೆ ನಡೆದು ಹೊರಬಂದೆವು. ಕ್ವಾಂಡರಿಗೆ ಹೋಗುವುದನ್ನು ಗುಡುಗುಮಳೆ ಬಹುಮಟ್ಟಿಗೆ ಮುಗಿದು ನೀರು ಇನ್ನೂ ತೀರಾ ತಣ್ಣಗಾಗದ ಸೆಪ್ಟೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೇವೆ.