ರಕ್ತ ಬರುತ್ತಿದ್ದ ಕಡೆಯೇ ಬ್ರಷ್ ಇಟ್ಟೆ

ಉಗುಳಿದ ನೊರೆಯಲ್ಲಿ ದಿನಾ ರಕ್ತದ ಎಳೆ. ಒಸಡಿಗೆ ಪೆಟ್ಟಾಗುತ್ತಿದೆ ಅಂದುಕೊಂಡು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ. ಉಳಿದ ಕಡೆ ಗಟ್ಟಿ ಬ್ರಷ್ ಹಿಡಿದು, ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದೆ.

ಹಲ್ಲಿನ ಡಾಕ್ಟರು ಕೈಗೆ ಕನ್ನಡಿ ಕೊಟ್ಟು ಎಡಗಡೆ ಕೋರೆಹಲ್ಲಿನ ಬುಡ ತೋರಿಸಿದರು. ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿತ್ತು. ತಣ್ಣೀರು ಕುಡಿದಾಗ ಜುಂ ಅನ್ನುತ್ತಿದ್ದದ್ದು ಅಲ್ಲೇ. ಅದು ತಿಕ್ಕಿ ತಿಕ್ಕಿ ಆದದ್ದು. ರಕ್ತ ಬರುತ್ತಿದ್ದದ್ದು ತಿಕ್ಕದೇ ಬಿಟ್ಟ ಕಡೆ: ಒಸಡಿನ ಅಂಚಿಗೆ ಪಾಚಿ ಕಟ್ಟಿ ಊದಿಕೊಂಡಿತ್ತು. ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬರುವುದಿಲ್ಲ, ಅದನ್ನು ಅವರೇ ತೆಗೆದರು.

ಆಮೇಲೆ ಕಲಿತದ್ದು ಬಾಸ್ ವಿಧಾನ. ಚಾರ್ಲ್ಸ್ ಬಾಸ್ ಎಂಬ ಅಮೆರಿಕದ ವೈದ್ಯರ ಹೆಸರು ಅದಕ್ಕೆ. ಮೆದು ಎಳೆಯ ಬ್ರಷ್ಷನ್ನು ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ತೋಳಿನ ಬಲವೆಲ್ಲ ಹಲ್ಲಿನ ಮೇಲೆ ಬೀಳುತ್ತದೆ. ಎಳೆಗಳು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ, ಹಲ್ಲು ಒಸಡು ಸೇರುವ ಗೆರೆಯ ಮೇಲೆ ಕೂರಬೇಕು. ಹಾಗೇ ಒತ್ತದೆ, ಇಟ್ಟಲ್ಲೇ ಸಣ್ಣಗೆ ಹಿಂದೆ ಮುಂದೆ ಅಲುಗಿಸುತ್ತೇನೆ. ಹತ್ತು ಹದಿನೈದು ಸಲ ಆದ ಮೇಲೆ ಪಕ್ಕದ ಎರಡು ಹಲ್ಲು. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ.

ನನಗೆ ಕಷ್ಟವಾದದ್ದು ಎರಡು ಜಾಗ. ಕೆಳಗಿನ ಮುಂದಿನ ಹಲ್ಲುಗಳ ಒಳಭಾಗದಲ್ಲಿ ಬ್ರಷ್ ಅಡ್ಡ ಹಿಡಿಸುವುದಿಲ್ಲ, ನೆಟ್ಟಗೆ ನಿಲ್ಲಿಸಿ ತುದಿಯಿಂದ ಒಂದೊಂದೇ ಹಲ್ಲು ಮಾಡಬೇಕು. ಮೇಲಿನ ಕೊನೆಯ ದವಡೆ ಹಲ್ಲಿನ ಹೊರಬದಿಗೆ ಬಾಯಿ ದೊಡ್ಡದಾಗಿ ತೆರೆದಷ್ಟೂ ಕೆನ್ನೆ ಬಿಗಿಯುತ್ತದೆ. ಅರ್ಧ ಮುಚ್ಚಿ ನೋಡಿ, ಬ್ರಷ್ ಸಲೀಸಾಗಿ ಹಿಂದಕ್ಕೆ ಹೋಗುತ್ತದೆ. ನಾನೀಗ ಶುರು ಮಾಡುವುದೇ ಈ ಎರಡು ಜಾಗದಿಂದ, ಕೊನೆಗೆ ಬಿಟ್ಟರೆ ಅವಸರವಾಗುತ್ತದೆ.

ಇನ್ನೊಂದು. ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್ ಹಾಕಿ ತಿಕ್ಕಿದ ಮೇಲೆ ನೊರೆ ಉಗುಳಿದರೆ ಸಾಕು, ಆಗಲೇ ಮುಕ್ಕಳಿಸಿದರೆ ಫ್ಲೋರೈಡೂ ಹೋಗುತ್ತದೆ. ಮುಕ್ಕಳಿಸಿಯೇ ಬೆಳೆದ ನಮಗೆ ಇದು ಒಗ್ಗುವುದಕ್ಕೆ ಸಮಯ ಬೇಕು.

ಮೊದಲ ವಾರ ರಕ್ತ ಬರುತ್ತಲೇ ಇತ್ತು. ಹೆದರದೆ ಅಲ್ಲೇ ಮೆತ್ತಗೆ ಬ್ರಷ್ ಇಡುತ್ತಾ ಹೋದೆ. ಹನ್ನೆರಡನೇ ದಿನ ನೊರೆ ಬೆಳ್ಳಗಿತ್ತು. ಎರಡು ವಾರವಾದರೂ ನಿಲ್ಲದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಲೇಬೇಕು. ಕೋರೆಹಲ್ಲಿನ ಕಚ್ಚು ಹಾಗೇ ಇದೆ, ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಮುಂಚೆ ತಿಂಗಳಿಗೇ ಕೆದರಿ ನಿಲ್ಲುತ್ತಿದ್ದ ಬ್ರಷ್ಷಿನ ಎಳೆಗಳು ಮಾತ್ರ ಈಗ ಮೂರು ತಿಂಗಳಾದರೂ ನೆಟ್ಟಗಿರುತ್ತವೆ.