ಪೋಸ್ಟ್‌ಗ್ರೆಸ್: ಯಾರ ಕೈಯಲ್ಲಿ ಯಾವ ಅನುಮತಿ? ಪರೀಕ್ಷಿಸುವುದು ಹೀಗೆ

ಅಡ್ಮಿನ್ ಅಲ್ಲದವರಿಗೆ 'ಡಿಲೀಟ್' ಬಟನ್ ಕಾಣದಂತೆ ಮಾಡಿದರೆ ಅನುಮತಿಯ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ ಜನ. ಬಟನ್ ಇಲ್ಲದಿದ್ದರೂ ಅದೇ ಕೋರಿಕೆಯನ್ನು ಸರ್ವರ್‌ಗೆ ನೇರವಾಗಿ ಕಳಿಸಬಹುದು. ಹಾಗಾಗಿ ಅನುಮತಿಯನ್ನು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲೇ ಪರೀಕ್ಷಿಸಬೇಕು. ಬಟನ್ ಮರೆಮಾಡುವುದನ್ನೇ 'ಭದ್ರತೆ' ಎಂದು ಮಾರುವ ರೆಡಿಮೇಡ್ ಅಡ್ಮಿನ್ ಪ್ಯಾನೆಲ್‌ಗಳನ್ನು ಕೊಳ್ಳಲೇಬೇಡಿ.

1. ಆ್ಯಪ್‌ನ ಸಂಪರ್ಕದಿಂದಲೇ 'ಸೆಲೆಕ್ಟ್ ಕರೆಂಟ್_ಯೂಸರ್' ಓಡಿಸಿ. ಯಾವ ಬಳಕೆದಾರನ ಹೆಸರಲ್ಲಿ ಸಂಪರ್ಕವಿದೆ ಎಂದು ಅದು ಹೇಳುತ್ತದೆ. ಉತ್ತರ 'ಪೋಸ್ಟ್‌ಗ್ರೆಸ್' (ಸಾಮಾನ್ಯವಾಗಿ ಎಲ್ಲ ಅಧಿಕಾರವಿರುವ ಸೂಪರ್‌ಯೂಸರ್‌ನ ಹೆಸರು) ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಿಸಿ. ಸೂಪರ್‌ಯೂಸರ್‌ಗೆ ಟೇಬಲ್ ಅನುಮತಿಗಳ ತಪಾಸಣೆಯೇ ನಡೆಯುವುದಿಲ್ಲ. ಆ್ಯಪ್‌ಗೆ ಒಂದು ರೋಲ್ (ಡೇಟಾಬೇಸ್‌ನ ಬಳಕೆದಾರ ಅಥವಾ ಗುಂಪು), ಟೇಬಲ್‌ಗಳ ಒಡೆತನಕ್ಕೆ ಬೇರೆ ರೋಲ್ ಇರಲಿ.

2. ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನ ಪಿಎಸ್‌ಕ್ಯುಎಲ್‌ನಲ್ಲಿ ರೋಲ್‌ಗಳ ಪಟ್ಟಿಗೆ ಬ್ಯಾಕ್‌ಸ್ಲ್ಯಾಶ್ ಡಿ-ಯು. ಯಾವ ರೋಲ್ ಯಾವುದರ ಸದಸ್ಯ ಎಂಬುದು 16ನೇ ಆವೃತ್ತಿಯಿಂದ ಬ್ಯಾಕ್‌ಸ್ಲ್ಯಾಶ್ ಡಿ-ಆರ್-ಜಿಯಲ್ಲಿ ಸಿಗುತ್ತದೆ.

3. ಹೆಚ್ಚಿನವರು ಎಡವುವುದು ಟೇಬಲ್ ಅನುಮತಿಗಳನ್ನು ತೋರಿಸುವ ಬ್ಯಾಕ್‌ಸ್ಲ್ಯಾಶ್ ಡಿ-ಪಿ ಕೊಡುವ ಸಾಲನ್ನು ಓದುವಾಗ. ಸಮ ಚಿಹ್ನೆಯ ಎಡಕ್ಕೆ ಅನುಮತಿ ಪಡೆದವರು, ಬಲಕ್ಕೆ ಅಕ್ಷರಗಳು, ಓರೆಗೆರೆಯ ನಂತರ ಕೊಟ್ಟವರು. ಆರ್ ಎಂದರೆ ಓದು, ಎ ಎಂದರೆ ಸೇರಿಸು, ಡಬ್ಲ್ಯು ಎಂದರೆ ತಿದ್ದು. ಚಿಕ್ಕಕ್ಷರದ ಡಿ ಡಿಲೀಟ್, ದೊಡ್ಡಕ್ಷರದ ಡಿ ಟ್ರಂಕೇಟ್. ಇವೆರಡನ್ನು ಅದಲುಬದಲಾಗಿ ಓದಿದರೆ ಟೇಬಲನ್ನೇ ಖಾಲಿ ಮಾಡುವ ಹಕ್ಕು ಕಣ್ತಪ್ಪಿಹೋಗುತ್ತದೆ. ಅಕ್ಷರದ ಪಕ್ಕ ನಕ್ಷತ್ರವಿದ್ದರೆ ಆ ಅನುಮತಿಯನ್ನು ಅವರು ಇತರರಿಗೂ ಹಂಚಬಲ್ಲರು. ಎಡಭಾಗ ಖಾಲಿಯಿದ್ದರೆ 'ಪಬ್ಲಿಕ್', ಅಂದರೆ ಎಲ್ಲ ರೋಲ್‌ಗಳೂ. ಇಡೀ ಕಾಲಂ ಖಾಲಿಯಿದ್ದರೆ ಯಾರಿಗೂ ಅನುಮತಿಯಿಲ್ಲ ಎಂದಲ್ಲ, ಡೀಫಾಲ್ಟ್ ಜಾರಿಯಲ್ಲಿದೆ ಎಂದರ್ಥ: ಟೇಬಲ್ ಆದರೆ ಒಡೆಯನಿಗೆ ಮಾತ್ರ, ಫಂಕ್ಷನ್‌ಗಳಲ್ಲಾದರೆ ಓಡಿಸುವ ಹಕ್ಕು ಎಲ್ಲರಿಗೂ.

ಇದನ್ನೆಲ್ಲ ಕಣ್ಣಲ್ಲಿ ಓದುವ ಬದಲು 'ಹ್ಯಾಸ್_ಟೇಬಲ್_ಪ್ರಿವಿಲೇಜ್' ಫಂಕ್ಷನ್ನನ್ನೂ ಕೇಳಬಹುದು. ಆದರೆ ಒಂದು ಸಲಕ್ಕೆ ಒಂದೇ ಅನುಮತಿ ಕೇಳಿ. 'ಸೆಲೆಕ್ಟ್, ಡಿಲೀಟ್' ಎಂದು ಒಟ್ಟಿಗೆ ಕೊಟ್ಟರೆ ಎರಡರಲ್ಲಿ ಒಂದಿದ್ದರೂ 'ಟ್ರೂ' ಬರುತ್ತದೆ.

4. ಈಗ ಆ್ಯಪ್ ರೋಲ್‌ನಿಂದ ನಿಜವಾಗಿಯೇ ಲಾಗಿನ್ ಆಗಿ, 'ಬಿಗಿನ್' ಕೊಟ್ಟು, ಆಗಬಾರದ ಕೆಲಸವನ್ನೇ ಮಾಡಿ ನೋಡಿ, ಕೊನೆಗೆ ಬದಲಾವಣೆ ರದ್ದು ಮಾಡುವ 'ರೋಲ್‌ಬ್ಯಾಕ್'. ಲಾಗಿನ್ ಆಗದೆಯೇ ರೋಲ್ ಬದಲಿಸುವ 'ಸೆಟ್ ರೋಲ್' ಅಡ್ಡದಾರಿ ಸಾಲದು. ಆ ರೋಲ್‌ಗೆಂದು ಇಟ್ಟ ಸರ್ಚ್ ಪಾತ್‌ನಂಥ (ಟೇಬಲ್ ಹೆಸರನ್ನು ಎಲ್ಲಿ ಹುಡುಕಬೇಕೆಂಬ) ಸೆಟ್ಟಿಂಗ್‌ಗಳು ಲಾಗಿನ್ ವೇಳೆ ಮಾತ್ರ ಜಾರಿಯಾಗುತ್ತವೆ. ತಾನಾಗಿ ಸಂಖ್ಯೆ ತುಂಬುವ ಸೀರಿಯಲ್ ಕಾಲಂ ಇರುವ ಟೇಬಲ್‌ಗೆ ಸೇರಿಸುವಾಗ ಸೀಕ್ವೆನ್ಸ್ (ಆ ಸಂಖ್ಯೆ ಕೊಡುವ ವಸ್ತು) ಅನುಮತಿಯಿಲ್ಲವೆಂಬ ದೋಷ ಬಂದರೆ ಆ ಸೀಕ್ವೆನ್ಸ್‌ಗೆ 'ಯೂಸೇಜ್' ಕೊಟ್ಟರೆ ಸಾಕು. ಕಿರಿಕಿರಿ ತಪ್ಪಲಿ ಎಂದು ಟೇಬಲ್‌ಗಳಿಗೆ ಎಲ್ಲ ಅನುಮತಿ ಕೊಡುವ 'ಗ್ರಾಂಟ್ ಆಲ್' ಬರೆದರೆ ಟ್ರಂಕೇಟ್ ಹಕ್ಕೂ ಜೊತೆಗೇ ಹೋಗುತ್ತದೆ.

5. ಎಲ್ಲ ಟೇಬಲ್‌ಗಳಿಗೆಂದು ಕೊಟ್ಟ ಗ್ರಾಂಟ್ ಆ ಕ್ಷಣದಲ್ಲಿರುವ ಟೇಬಲ್‌ಗಳಿಗಷ್ಟೇ. ಮುಂದೆ ಬರುವವಕ್ಕೆ 'ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್' ಬೇಕು. ಅದರಲ್ಲಿ ಮೈಗ್ರೇಶನ್ (ಟೇಬಲ್‌ಗಳನ್ನು ಸೃಷ್ಟಿಸುವ, ಬದಲಿಸುವ ಸ್ಕ್ರಿಪ್ಟ್) ಓಡಿಸುವ ರೋಲ್‌ನ ಹೆಸರನ್ನೇ ಬರೆಯಿರಿ. ಬೇರೆ ರೋಲ್ ಸೃಷ್ಟಿಸಿದ ಟೇಬಲ್‌ಗೆ ಅದು ಅನ್ವಯಿಸುವುದಿಲ್ಲ.